ಗಾಳಿ ಸೋಕಿದ ಕಾಲು

ಆಷಾಢ ಬಂತೆಂದರೆ ನಮ್ಮ ಕಡೆ ಸೈನೈಡ್ ಗುಡ್ಡಗಳು ಎದ್ದು ಊರೊಳಗೆ ಬರುತ್ತವೆ. ಗಣಿಯ ಕಲ್ಲು ಅರೆದು ಚಿನ್ನ ತೆಗೆದುಕೊಂಡು, ಉಳಿದ ಹಿಟ್ಟಿನಂಥ ಮಣ್ಣನ್ನು ಗುಡ್ಡ ಮಾಡಿ ಬಿಟ್ಟು ಹೋದರಲ್ಲ, ಅವು. ಜೋರು ಗಾಳಿಗೆ ಅದರ ಧೂಳು ಬಿಳಿ ಮೋಡವಾಗಿ ರಸ್ತೆಗೆ ಅಡ್ಡ ನಿಲ್ಲುತ್ತದೆ. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿಂದ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಆಂಡರ್ಸನ್‌ಪೇಟೆಗೆ ಹೊರಟಿದ್ದ ನಾನು ಒಂದು ಬೆಳಿಗ್ಗೆ ಆ ಮೋಡದೊಳಗೆ ಹೊಕ್ಕೆ. ಆಚೆ ಬಂದದ್ದು ಗಾಡಿ ಮಾತ್ರ. ನಾನು ಚೆಲ್ಲಿದ ಹಾಲಿನಲ್ಲಿ ಮಲಗಿದ್ದೆ. ಬಲಗಾಲು ಮೊಣಕಾಲಿನ ಕೆಳಗೆ ಬೇರೆ ಯಾರದೋ ಎಂಬಂತೆ ತಿರುಗಿಕೊಂಡಿತ್ತು.

"ನಿಂಗೆ ಗಾಳಿ ಸೋಕೈತೆ ಕಣ್ಲಾ" ಅಂದಳು ಅವ್ವ.

ಅವಳು ಹೇಳಿದ್ದು ಬೀಸುವ ಗಾಳಿಯನ್ನಲ್ಲ. ಪಾಳುಬಾವಿ, ಮುಚ್ಚಿದ ಗಣಿ, ಒಂಟಿ ಹುಣಸೆಮರ ಇಂಥ ಕಡೆ ಕಾದಿದ್ದು ಮೈಮೇಲೆ ಬರುವ ಗಾಳಿ. ನನಗೆ ರೇಗಿತು. ಧೂಳು ಕಣ್ಣಿಗೆ ಬಿದ್ದಿದ್ದಕ್ಕೆ ದೆವ್ವ ಏನು ಮಾಡೀತು?

ಮೂಳೆಗೆ ಪ್ಲೇಟು ಹಾಕಿ ಮೊದಲನೇ ಆಪರೇಷನ್ ಆಯಿತು. ಹೊಲಿಗೆ ಕೂಡಲಿಲ್ಲ. ಕಾಲು ಊದಿಕೊಂಡು ಕೀವು ಸೋರಿತು, ಹಾಕಿದ ಪ್ಲೇಟನ್ನೇ ತೆಗೆಯಬೇಕಾಯಿತು. ಆಮೇಲೆ ತಿಂಗಳುಗಟ್ಟಲೆ ಇಂಜೆಕ್ಷನ್. ಒಂದೊಂದು ಸೂಜಿ ಚುಚ್ಚಿದಾಗಲೂ ಅವ್ವ "ನಾನೇಳ್ಲಿಲ್ವಾ" ಅನ್ನುತ್ತಿದ್ದಳು. ಸೂಜಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಎರಡನೇ ಸಲಕ್ಕೆ ಬಂಗಾರಪೇಟೆಯ ಡಾಕ್ಟರ ಬಳಿ ಹೋದೆವು. ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ. "ಈ ಸಲವೂ ಸೋಂಕಾದರೆ ಕಾಲು ಉಳಿಸೋದು ಕಷ್ಟ" ಅಂದರು. ಒಂಟಿಕಾಲಲ್ಲಿ ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಹೇಗೆ ಕೂರುವುದು ಅಂತ ಯೋಚಿಸಿದೆ.

ಡಾಕ್ಟರು ಅವ್ವನ ಕಡೆ ತಿರುಗಿದರು. "ಕತ್ತರಿ, ಚಾಕುಗಳನ್ನು ಶುದ್ಧ ಮಾಡಬಹುದಮ್ಮ. ಗಾಳಿಯದ್ದೇ ಕಷ್ಟ. ಗಾಳಿಯಿಂದಲೂ ಸೋಂಕಾಗುತ್ತೆ."

ಅವ್ವ ಎದ್ದು ನಿಂತು ಕೈಮುಗಿದಳು. ಗಾಳಿ, ಸೋಂಕು, ಎರಡೂ ಅವಳದೇ ಮಾತು! "ಈ ಡಾಕ್ಟ್ರಪ್ಪಂಗೆ ಎಲ್ಲಾ ಗೊತ್ತೈತೆ ಕಣ್ಲಾ. ನೀನೇ ನಂಬ್ಲಿಲ್ಲ." ನಾನು ಬಿಡಿಸಿ ಹೇಳಲು ಹೋಗಲಿಲ್ಲ. ಯಾವತ್ತೋ ಒಮ್ಮೆ ಗೆದ್ದಿದ್ದಾಳೆ, ಗೆಲ್ಲಲಿ.

ಅಲ್ಲಿಂದ ಮುಂದೆ ಅವರು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಿದಳು. ಆಪರೇಷನ್ ಕೋಣೆಯೊಳಗೆ ಚಾವಣಿಯಿಂದ ಸೋಸಿದ ಗಾಳಿ ಇಳಿಯುತ್ತೆ, ಪದೇ ಪದೇ ಬಾಗಿಲು ತೆರೆದರೆ ಹೊರಗಿನದು ನುಗ್ಗುತ್ತೆ ಅಂದರು. ನನ್ನ ತೋಳಿಗೆ ಅವಳು ಕಟ್ಟಿಸಿದ್ದ ತಾಯತ ನೋಡಿ, "ಇಂಥ ದಾರದಲ್ಲೂ ಸೋಂಕು ಕೂತಿರುತ್ತಮ್ಮ" ಅಂದರು. ಅವ್ವನ ಕಣ್ಣು ಅಗಲವಾಯಿತು. "ತಾಯ್ತದಾಗೇ ಕೂತೈತಾ!" ಅಂತ ಹಲ್ಲಿನಿಂದ ಕಚ್ಚಿ ಕಿತ್ತಳು.

ಆಪರೇಷನ್ ಮೇಜಿನ ಮೇಲೆ ಬೆನ್ನಿಗೆ ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನಾನಿರಲಿಲ್ಲ. ಇನ್ನೇನೋ ಕೊಟ್ಟರು, ಮೇಲೂ ಅಷ್ಟಷ್ಟಾಗಿ ಕರಗಿದೆ. ಚಾವಣಿಯಿಂದ ತಣ್ಣನೆಯ ಗಾಳಿ ಸದ್ದಿಲ್ಲದೆ ಇಳಿಯುತ್ತಿತ್ತು. ವಾಸನೆಯಿಲ್ಲ, ಧೂಳಿಲ್ಲ. ಅಂಥ ಗಾಳಿಯನ್ನು ನಾನು ಹುಟ್ಟಿದಾಗಿನಿಂದ ಉಸಿರಾಡಿರಲಿಲ್ಲ. ಅದರ ಜೊತೆ ನಾನೂ ಇಳಿಯತೊಡಗಿದೆ. ಕಬ್ಬಿಣದ ಪಂಜರದಲ್ಲಿ ಊರಿಗಾಂ ಗಣಿಯೊಳಗೆ, ಕೆಳಗೆ, ಇನ್ನೂ ಕೆಳಗೆ. ಪಕ್ಕದಲ್ಲಿ ಅಪ್ಪ ನಿಂತಿದ್ದ. ಗಣಿಯ ಧೂಳು ಎದೆಗೆ ಕೂತು, ಕೆಮ್ಮಿ ಕೆಮ್ಮಿ ಹೋದ ಅಪ್ಪ. ಈಗ ಅವನಿಗೆ ಕೆಮ್ಮಿರಲಿಲ್ಲ. "ಗಾಳಿ ಬತ್ತಾ ಐತೇನ್ಲಾ?" ಅಂತ ಕೇಳಿದ. "ಬತ್ತಾ ಐತಪ್ಪ, ಚೆನ್ನಾಗೈತೆ" ಅಂದೆ. ಅವನು ಎದೆ ತುಂಬ ಎಳೆದುಕೊಂಡ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಲಿನ ನೆನಪೇ ಹೋಯಿತು.

ಎಲ್ಲೋ ಮೇಲಿನಿಂದ ಜಗಳದ ದನಿ ಕೇಳಿಸಿತು. ಬಾಗಿಲಾಚೆ ಅವ್ವ! "ಯಾಕಮ್ಮ ಗಳಿಗ್ಗೊಂದ್ಸಲ ಬತ್ತೀಯ? ಬಾಗ್ಲು ತೆಗೀಬ್ಯಾಡ, ಗಾಳಿ ಒಳೀಕ್ ಓಗ್ತೈತೆ!" ಆಚೆಯ ನರ್ಸು ತಮಿಳಿನಲ್ಲಿ ಏನೋ ಗದರಿದರು. ಅವ್ವ ತೆಲುಗಿನಲ್ಲಿ ತಿರುಗಿ ಗದರಿದಳು. ಬಾಗಿಲು ಮಾತ್ರ ತೆರೆಯಲಿಲ್ಲ. ಮುಖಗವಸಿನ ಹಿಂದೆ ಡಾಕ್ಟರು ನಕ್ಕ ಹಾಗಾಯಿತು. ಅಥವಾ ನಕ್ಕಿದ್ದು ಅಪ್ಪನೋ ಏನೋ. ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಕಟ್ಟು ಬಿಚ್ಚುವ ದಿನ ನಾನು ಕಣ್ಣು ಮುಚ್ಚಿಕೊಂಡೆ. ಮೊದಲ ಸಲದ ಕೊಳೆತ ವಾಸನೆ ಈಗ ಬರುತ್ತದೆ, ಇನ್ನೇನು ಬರುತ್ತದೆ ಅಂತ ಕಾದೆ. ಹತ್ತಿ ಎಳೆದ ಸದ್ದು. ಆಮೇಲೆ ಡಾಕ್ಟರ ದನಿ: "ಒಣಗಿದೆ. ಕೀವಿಲ್ಲ."

ಕಣ್ಣು ಬಿಟ್ಟೆ. ಅವ್ವ ಗಾಯದ ಮೇಲೆ ಬಗ್ಗಿ ತುಟಿ ಮುಂದೆ ಮಾಡಿದ್ದಳು. ಚಿಕ್ಕಂದಿನಲ್ಲಿ ಮಂಡಿ ತರಚಿಕೊಂಡು ಬಂದಾಗ ಊದುತ್ತಿದ್ದಳಲ್ಲ, ಹಾಗೆ.

"ಅಮ್ಮಾ, ಊದಬೇಡಿ!" ಡಾಕ್ಟರು ತಡೆದರು.

ಅವಳು ಬೆಚ್ಚಿ ನಿಂತಳು. "ನನ್ ಉಸ್ರೂ ಗಾಳೀನೇನಾ ಸಾಮೀ?"

"ಯಾರ ಉಸಿರಾದರೂ ಅಷ್ಟೇ ಅಮ್ಮ. ನನ್ನದೂ."

ಅವ್ವ ಸೆರಗಿನಿಂದ ಬಾಯಿ, ಮೂಗು ಒತ್ತಿ ಹಿಡಿದುಕೊಂಡು ಹಿಂದಕ್ಕೆ ಹೋಗಿ ಗೋಡೆಗೆ ಅಂಟಿ ನಿಂತಳು. ತಾನೇ ನನಗೆ ಸೋಕಬಾರದ ಗಾಳಿಯಾದೆ ಎಂಬಂತೆ ನೋಡುತ್ತಿದ್ದಳು.

ನರ್ಸು ಹೊಸ ಕಟ್ಟು ಕಟ್ಟಿ ಮುಗಿಸುವವರೆಗೂ ಅವಳು ಸೆರಗು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಹತ್ತಿರ ಬಂದು ಡಾಕ್ಟರನ್ನು ಕೇಳಿದಳು.

"ಅಣೇಗಾದ್ರೂ ಊದ್ಲಾ ಸಾಮೀ?"

ಅವರು ಹೂಂ ಅಂದರು. ಅವ್ವ ಸೆರಗು ಸರಿಸಿ, ಬಗ್ಗಿ, ನನ್ನ ಹಣೆಯ ಮೇಲೆ ಊದಿದಳು. ನನ್ನ ನರೆತ ಕೂದಲು ಅಲುಗಿತು.