ದೌಲತಾಬಾದಿನ ಕತ್ತಲೆಯಲ್ಲಿ ಹಿಡಿದ ಕೈ

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ನಾಸಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸವಾಗಿತ್ತು. ಕಣ್ಣು ಮೋಸ ಹೋಗಬಹುದು, ಬೆರಳು ಮೋಸ ಹೋಗುವುದಿಲ್ಲ, ಮುಟ್ಟಿ ನೋಡದೆ ಸಹಿ ಹಾಕಬೇಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ, ಏಕೆಂದರೆ ನನ್ನ ಹೆಂಡತಿಯೇ ನಂಬಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಮಗಳು ಅಕ್ಷತಾಗೆ ಎಂಟು ವರ್ಷ, ಮಗನಿಗೆ ಮೂರು. ನಮ್ಮೂರು ಆಳಂದದ ಕಡೆ. ಪ್ರತಿ ರಜೆಗೂ ಅಲ್ಲಿಗೇ ಹೋಗುತ್ತಿದ್ದೆವು. ಅಕ್ಷತಾಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಮಾತು ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. ಹಾಗಾಗಿ ಊರಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನನ್ನ ಅವ್ವ ಹತ್ತು ಜನರ ಮುಂದೆ, "ಯಾಕಪಾ, ನಿನ್ನ ಮಗಳಿಗಿ ಮಾತೇ ಬರಲ್ಲೇನು?" ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದೀಪಾವಳಿ ರಜೆಗೆ ಊರು ಬೇಡ, ಔರಂಗಾಬಾದಿಗೆ ಹೋಗೋಣ, ಮಕ್ಕಳಿಗೆ ಜೀವನವಿಡೀ ನೆನಪಿರುವಂಥ ಪ್ರವಾಸವಾಗಲಿ ಎಂದೆ. ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಆಗ ಅದೇ ಹೆಸರು. ಹೊರಡುವ ಮುಂಚೆ ಒಂದು ನಿಯಮ ಮಾಡಿದೆ. ಈ ಮೂರು ದಿನ ಮನೆಮಂದಿಯೆಲ್ಲ ಕನ್ನಡವನ್ನೇ ಮಾತಾಡಬೇಕು. ಮರಾಠಿಯಲ್ಲಿ ಏನು ಕೇಳಿದರೂ ನನ್ನ ಕಿವಿಗೆ ಬೀಳುವುದಿಲ್ಲ. ಆಟದಂತೆ ಹೇಳಿದೆ, ಆದರೆ ಆಟವಾಗಿರಲಿಲ್ಲ. ಮೊದಲ ದಿನ ಎಲ್ಲೋರಾದ ಗುಹೆಗಳಲ್ಲಿ ಅವಳು ಮರಾಠಿಯಲ್ಲಿ ನೀರು ಕೇಳಿದಾಗ ಬಾಟಲಿ ಕೈಯಲ್ಲಿದ್ದರೂ ಬೇರೆ ಕಡೆ ನೋಡಿದೆ. ಕೊನೆಗೆ ಅವಳು "ನೀರು" ಎಂದಳು. ಗೆದ್ದೆ ಎಂದುಕೊಂಡೆ, ನೋಡಿ. ಎಂಥ ಗೆಲುವು!

ಮರುದಿನ ಮಧ್ಯಾಹ್ನ ದೌಲತಾಬಾದ್ ಕೋಟೆ. ಮಗ ನಿದ್ದೆ ಹೋಗಿದ್ದರಿಂದ ಹೆಂಡತಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೆಳಗೆ ಮರದಡಿ ಕುಳಿತಳು. ನಾನೂ ಅಕ್ಷತಾಳೂ ಹತ್ತಿದೆವು. ನಡುವೆ ಅಂಧೇರಿ ಎಂದು ಕರೆಯುವ ಸುರಂಗವಿದೆ. ಶತ್ರುಗಳು ದಾರಿ ತಪ್ಪಲಿ ಎಂದೇ ಬಂಡೆ ಕೊರೆದು ಮಾಡಿದ್ದು. ಒಳಗೆ ಬಾವಲಿಗಳ ಗಬ್ಬು ವಾಸನೆ. ಏಳೆಂಟು ಜನರ ಗುಂಪನ್ನು ಸೇರಿಸಿಕೊಂಡು ಗೈಡ್ ಟಾರ್ಚ್ ಹಿಡಿದು ಮುಂದೆ ಹೊರಟ. ಸುರಂಗದ ಬಾಯಲ್ಲೇ ಅಕ್ಷತಾ ನಿಂತುಬಿಟ್ಟಳು. "ಬಾಬಾ, ಥಾಂಬಾ ನಾ, ಮಲಾ ಭೀತಿ ವಾಟತೇ" ಎಂದಳು. ನಿಲ್ಲಿ, ಹೆದರಿಕೆಯಾಗುತ್ತಿದೆ ಎಂದು. ನನಗೆ ಕೇಳಿಸಿತು. ನಿಚ್ಚಳವಾಗಿ ಕೇಳಿಸಿತು. ಕನ್ನಡದಲ್ಲಿ ಕರೆಯಲಿ, ನಿಲ್ಲುತ್ತೇನೆ ಎಂದುಕೊಂಡು ತಿರುಗದೆ ನಡೆದೆ.

ಹತ್ತಿಪ್ಪತ್ತು ಮೆಟ್ಟಿಲಾದ ಮೇಲೆ ಗೈಡ್ ಕತ್ತಲೆ ಎಂಥದೆಂದು ತೋರಿಸಲು ಟಾರ್ಚ್ ಆರಿಸಿದ. ಆಗ ನನ್ನ ಬಲಗೈಯೊಳಗೆ ಒಂದು ಪುಟ್ಟ ಕೈ ಬಂದು ಸೇರಿತು. "ಅಪ್ಪಾ, ಭಾಳ ಕತ್ತಲ ಅದ. ಸಾವಕಾಶ ನಡಿ" ಎಂದಿತು ಧ್ವನಿ. ಅಚ್ಚ ನಮ್ಮೂರ ಕನ್ನಡ. ನನ್ನ ಮಗಳು ಹುಟ್ಟಿದಾಗಿನಿಂದ ನನ್ನನ್ನು ಬಾಬಾ ಎಂದೇ ಕರೆದವಳು ಎಂಬುದು ಆ ಕ್ಷಣ ಹೊಳೆಯಲೇ ಇಲ್ಲ. ಹಿಗ್ಗಿಹೋದೆ. ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಂಗೈ ಸ್ವಲ್ಪ ಒರಟು, ಬೆಚ್ಚಗಿತ್ತು. ನನ್ನ ಬೆರಳು ಅದನ್ನು ನನ್ನ ಮಗಳದೆಂದೇ ಒಪ್ಪಿಕೊಂಡಿತು.

ಗೈಡ್ ಟಾರ್ಚ್ ಮತ್ತೆ ಹಚ್ಚಿ ನಡೆದ, ಆದರೆ ಅದರ ಬೆಳಕು ಹಿಂದಿದ್ದ ನನ್ನವರೆಗೆ ಬರುತ್ತಿರಲಿಲ್ಲ. ಮುಂದಿನ ಐದಾರು ನಿಮಿಷ ನಾನು ಮಾತಾಡಿದಷ್ಟು ಯಾವತ್ತೂ ಯಾರ ಹತ್ತಿರವೂ ಮಾತಾಡಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಓಝರ್‌ಗೆ ಬಂದಾಗ ಒಂದಕ್ಷರ ಮರಾಠಿ ಬಾರದೆ ಹಾಸ್ಟೆಲಿನಲ್ಲಿ ಚಾದರ ಮುಚ್ಚಿಕೊಂಡು ಅತ್ತಿದ್ದು, ಜೊತೆಯವರು ನನ್ನ ಮಾತನ್ನು ಅಣಕಿಸಿ ನಗುತ್ತಿದ್ದದ್ದು, ಊಟಕ್ಕೆ ಏನೆಂದು ಕೇಳಬೇಕೋ ಗೊತ್ತಾಗದೆ ಹಸಿದು ಮಲಗಿದ್ದು, ಎಲ್ಲ ಹೇಳಿದೆ. "ಆಮ್ಯಾಲ?" ಎಂದು ಧ್ವನಿ ಕೇಳುತ್ತಿತ್ತು. "ಆಮ್ಯಾಲ ಏನಾಯ್ತು ಅಪ್ಪಾ?"

ಬೆಳಕು ಕಂಡಿತು. ಕನ್ನಡಕ ಒರೆಸಿಕೊಳ್ಳಲು ಕೈ ಬಿಟ್ಟೆ. ಹಾಕಿಕೊಂಡು ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಗೈಡ್‌ನನ್ನು ಕೇಳಿದೆ. "ತುಮ್ಹಿ ತರ್ ಎಕಟೇಚ್ ಹೋತಾತ್, ಸಾಹೇಬ" ಎಂದ. ಒಬ್ಬರೇ ಇದ್ದಿರಿ, ದಾರಿಯುದ್ದಕ್ಕೂ ನಿಮ್ಮಷ್ಟಕ್ಕೆ ನೀವೇ ಏನೋ ಮಾತಾಡುತ್ತಿದ್ದಿರಿ ಎಂದ. ನಮ್ಮ ಗುಂಪಿನಲ್ಲಿ ಮಕ್ಕಳೇ ಇರಲಿಲ್ಲ.

ಎದುರು ಬರುವವರನ್ನು ತಳ್ಳಿಕೊಂಡು ಎಡವುತ್ತ ಕೆಳಗಿಳಿದೆ. ಸುರಂಗದ ಬಾಯಲ್ಲೇ ಅಕ್ಷತಾ ಕುಳಿತಿದ್ದಳು. ಜಾಲನಾ ಕಡೆಯ ಒಬ್ಬ ಅಜ್ಜಿ ಅವಳನ್ನು ಅಪ್ಪಿಕೊಂಡು ನೀರು ಕುಡಿಸುತ್ತಿದ್ದಳು. ಹೆದರಿ ಫ್ರಾಕು ಒದ್ದೆ ಮಾಡಿಕೊಂಡಿದ್ದಳು. ಹುಡುಗಿ ಒಳಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ ಎಂದು ಅಜ್ಜಿ ಹೇಳಿ, ನನ್ನನ್ನು ಚೆನ್ನಾಗಿ ಬೈದಳು.

ಕೆಳಗೆ ಬಂದು ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಮಗಳ ಬಟ್ಟೆ ಬದಲಿಸುತ್ತ, "ಕೂಸಿನ ಬಿಟ್ಟು ಹೋಗಿ ಈಗ ದೆವ್ವದ ಕತಿ ಹೇಳಕತ್ತೀರೇನ್ರಿ? ನಾಚಿಕಿ ಬರಲ್ಲೇನು ನಿಮಗ?" ಎಂದಳು. ಅಂದಿನಿಂದ ಈ ಮಾತು ನಮ್ಮ ಮನೆಯಲ್ಲಿ ನನ್ನ ಸುಳ್ಳೆಂದೇ ಹೆಸರಾಗಿದೆ. ನಾನೂ ವಾದಿಸುವುದನ್ನು ಬಿಟ್ಟೆ. ಮರುದಿನವೇ ನಾಸಿಕ್ ಕಡೆಯ ಬಸ್ಸು ಹತ್ತಿದೆವು. ಅಕ್ಷತಾ ಮತ್ತೆ ಕನ್ನಡದ ಒಂದು ಪದವನ್ನೂ ಆಡಲಿಲ್ಲ. ಆಡು ಎಂದು ನಾನೂ ಒತ್ತಾಯಿಸಲಿಲ್ಲ.

ಆ ಕೈ ಯಾರದು? ಭ್ರಮೆ ಎನ್ನೋಣವೆಂದರೆ ಆ ಒರಟು ಅಂಗೈ ಇನ್ನೂ ನನ್ನ ಕೈಗೆ ಗೊತ್ತಿದೆ. ನಿಜ ಎನ್ನೋಣವೆಂದರೆ ಬಾಯಿ ಬರುವುದಿಲ್ಲ. ಈ ಕತೆ ಕೇಳಿದವರೆಲ್ಲ ಕೊನೆಗೆ ಆ ಕೈ ಯಾರದೆಂದೇ ಕೇಳುತ್ತಾರೆ.

ಅಕ್ಷತಾ ಮಾತ್ರ ಅದನ್ನು ಕೇಳಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ಊಟಕ್ಕೆ ಕುಳಿತು, ಏನೂ ಇಲ್ಲದವಳಂತೆ, ಅವತ್ತು ಸುರಂಗದೊಳಗೆ ಆ ಕೈಯವಳ ಹತ್ತಿರ ಏನು ಮಾತಾಡಿದಿರಿ ಎಂದು ಮರಾಠಿಯಲ್ಲಿ ಕೇಳಿದಳು. ಹೇಳಿದೆ. ಹಾಸ್ಟೆಲು, ಚಾದರ, ಹಸಿವು, ಎಲ್ಲವನ್ನೂ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು.

"ಹೇ ಮಲಾ ಕಧೀಚ್ ಸಾಂಗಿತಲಂ ನಾಹೀ, ಬಾಬಾ" ಎಂದಳು. ಇದನ್ನು ನನಗೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂದು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.