ಫ್ರೀ ಥ್ರೋ ಗೆರೆಯಲ್ಲಿ ಕಳಶಗಿತ್ತಿ

ಧನುರ್ಮಾಸದಲ್ಲಿ ಮದುವೆ ಇಲ್ಲ. ಮೂಡಿಗೆರೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ ಫೋಟೊಗಳಿಂದಲೇ ಜೀವನ ಮಾಡುವ ನನಗೆ ಆ ತಿಂಗಳು ಒಂದೇ ಕೆಲಸ: ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದು, ಹಿಡಿದಿಲ್ಲ ಎಂದು ಖಾತ್ರಿಯಾದ ಮೇಲೂ ಇನ್ನೊಮ್ಮೆ ನೋಡುವುದು. ಕಳೆದ ವರ್ಷ ಹಾಗೆ ಕೂತಿದ್ದಾಗ ಹಳೆಯ ಸಹಪಾಠಿಯ ಫೋನು ಬಂತು. ಅವನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಆಟದ ಮೇಷ್ಟ್ರು.

"ನಮ್ ಹುಡುಗೀರದ್ದು ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್ ಫೈನಲ್ ಇದೆ. ಬಂದು ನಾಲ್ಕು ಫೋಟೊ ಹೊಡಿ ಮಾರಾಯ."

"ನಂಗೆ ಆ ಆಟ ಗೊತ್ತಿಲ್ವಲ್ಲೋ."

"ಫೋಟೊ ಹೊಡಿ ಅಂದೆ, ಆಡು ಅನ್ಲಿಲ್ಲ."

ಒಪ್ಪಿಕೊಂಡ ಗಳಿಗೆಯಿಂದ ಚಿಂತೆ ಶುರು. ಚೆಂಡು ಬಂದು ಲೆನ್ಸಿಗೆ ಬಡಿದರೆ? ಯಾರಾದರೂ ಹುಡುಗಿ ನನ್ನನ್ನು ಎಡವಿ ಬಿದ್ದರೆ? ನನ್ನ ಕಾಲೇ ಮುರಿದರೆ ಸಂಕ್ರಾಂತಿ ಕಳೆದ ಮೇಲಿನ ಮುಹೂರ್ತಗಳ ಗತಿ ಏನು? ಚಿಂತಿಸಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಚಿಂತಿಸಿದೆ.

ಫೈನಲ್ ದಿನ ಅಂಕಣದ ಗೆರೆಯಾಚೆ, ಬುಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಗೆಳೆಯ ಬಂದು "ಇನ್ನೂ ಹಿಂದೆ" ಅಂದ. ಸರಿದೆ. ಮದುವೆ ಮಂಟಪದಲ್ಲಾದರೆ ನನಗೆ ಹಿಂದೆ ಸರಿ ಎನ್ನುವವರು ಯಾರೂ ಇಲ್ಲ. ತಾಳಿಯ ಗಂಟು ಬೀಳುವ ಮುಂಚೆ ನಾನು ಕೈಯೆತ್ತಿ "ಹಂಗೇ ಹಿಡ್ಕೊಳ್ಳಿ, ಇಲ್ ನೋಡಿ" ಎಂದರೆ ಮದುಮಗ ತಾಳಿ ಹಿಡಿದುಕೊಂಡೇ ಹಲ್ಲು ಬಿಡುತ್ತಾನೆ. ಪುರೋಹಿತರು ಮಂತ್ರವನ್ನು ಎಳೆದು ಎಳೆದು ಹೇಳುತ್ತಾರೆ, ಗಟ್ಟಿಮೇಳದವರು ಕಾಯುತ್ತಾರೆ. ನಮ್ಮ ಕಡೆ ಅದೂ ಒಂದು ಶಾಸ್ತ್ರವೇ ಆಗಿಹೋಗಿದೆ.

"ಸಾರ್, ಅಕ್ಕನ ಆಲ್ಬಮ್ ಯಾವಾಗ ಕೊಡ್ತೀರಿ?"

ತಲೆಯೆತ್ತಿದೆ. ಸಂಸೆ ಊರಿನ ಹುಡುಗಿ. ಅದರ ಹಿಂದಿನ ತಿಂಗಳು ಅವಳ ಅಕ್ಕನ ಮದುವೆಗೆ ಹೋಗಿದ್ದವನು ನಾನೇ. ಮದುಮಗಳ ಪಕ್ಕ ತುಂಬಿದ ಕಳಶ ಹಿಡಿದು ನಿಲ್ಲುವ ಕಳಶಗಿತ್ತಿ ಇವಳು. ಗದ್ದ ಇಳಿಸು, ಅಲ್ಲಾಡಬೇಡ, ಇಲ್ಲಿ ನೋಡಿ ನಗು ಎಂದು ಮದುವೆಯುದ್ದಕ್ಕೂ ಅವಳನ್ನು ಚೆನ್ನಾಗಿ ಪಳಗಿಸಿದ್ದೆ. ತೋಳು ಸೋತರೂ ನಕ್ಕಿದ್ದಳು. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಅವಳಪ್ಪ ಬೇರೆ "ಫೋಟೊದವ್ರು ಹೇಳ್ದಂಗೆ ಕೇಳು" ಎಂದು ಗದರಿದ್ದರು. ಅವರೂ ಅಂದು ಮೆಟ್ಟಿಲ ಮೇಲೆ ಕೂತಿದ್ದರು. ಆಟ ನೋಡಲಿಕ್ಕಲ್ಲ, ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಹೋಗಲಿಕ್ಕೆ.

"ಇವ್ಳದ್ದು ಕೊನೇ ವರ್ಷ," ಗೆಳೆಯ ನನ್ನ ಕಿವಿಯಲ್ಲಿ ಹೇಳಿದ. "ಗೆದ್ರೆ ಮುಂದಿನ ಸುತ್ತಿದೆ, ಅಲ್ಲಿ ಯೂನಿವರ್ಸಿಟಿ ಟೀಮಿಗೆ ಆರಿಸ್ತಾರೆ. ಸೋತ್ರೆ ಇವತ್ತಿಗೆ ಮುಗೀತು. ಅವ್ರಪ್ಪ ಮತ್ತೆ ಚೆಂಡು ಮುಟ್ಟಕ್ಕೆ ಬಿಡಲ್ಲ."

ಆಟ ಶುರುವಾಯಿತು. ನನ್ನ ಕ್ಯಾಮೆರಾಕ್ಕೆ ಸಿಕ್ಕಿದ್ದು ಮೊಣಕೈಗಳು, ಜಡೆಗಳು, ಚೆಂಡು ಹೋದ ಮೇಲಿನ ಖಾಲಿ ಜಾಗ. ಒಬ್ಬರೂ ನಿಲ್ಲುವುದಿಲ್ಲವಲ್ಲ! ಆಲ್ಬಮ್ಮಿಗೆ ಹಾಕುವಂಥದ್ದು ಒಂದೂ ಇಲ್ಲ ಎಂದು ಬೆವರತೊಡಗಿದೆ.

ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಇದ್ದಾಗ ಸಂಸೆಯ ಹುಡುಗಿ ಇಬ್ಬರ ನಡುವೆ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿದಳು. ಅಂಕ ಸಮವಾಯಿತು. ಹಾಕುವಾಗ ಎದುರಾಳಿ ಅವಳ ಕೈಗೆ ಹೊಡೆದಿದ್ದಳಂತೆ, ಅದಕ್ಕೆ ಮೇಲೊಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದಂತೆ ಎಸೆಯುವ ಅವಕಾಶ, ಸಿಕ್ಕಿತು. ಅದು ಬಿದ್ದರೆ ಗೆಲುವು ಬಹುತೇಕ ಕೈಯಲ್ಲೇ. ಅವಳು ಗೆರೆಯಲ್ಲಿ ನಿಂತು ಚೆಂಡನ್ನು ಎತ್ತಿ ಹಿಡಿದಳು. ಮೈದಾನವೆಲ್ಲ ಗಪ್‌ಚಿಪ್. ಅಂಥ ಮೌನ ನನಗೆ ಚೆನ್ನಾಗಿ ಗೊತ್ತು, ತಾಳಿ ಕಟ್ಟುವ ಮುಂಚೆ ಬರುವಂಥದ್ದು. ಆ ದಿನವಿಡೀ ನನ್ನ ಎದುರು ಅಲ್ಲಾಡದೆ ನಿಂತ ಮೊದಲ ವ್ಯಕ್ತಿ ಅವಳು. ಬಾಯಿ ತಾನಾಗಿ ತೆರೆಯಿತು.

"ಹಂಗೇ ಹಿಡ್ಕೋ ಮಗಾ! ಇಲ್ ನೋಡು!"

ಹಿಡಿದಳು. ಗದ್ದ ಇಳಿಸಿ, ನನ್ನನ್ನೇ ನೋಡಿ, ನಕ್ಕಳು ಕೂಡ. "ಇನ್ನೊಂದ್, ಇನ್ನೊಂದ್" ಎಂದೆ. ರೆಫ್ರಿ ಸೀಟಿ ಊದಿದರು.

ಗೆರೆಯಲ್ಲಿ ನಿಂತವರು ಐದು ಸೆಕೆಂಡಿನೊಳಗೆ ಎಸೆಯಬೇಕಂತೆ. ಅವಳು ಎಸೆದಿರಲಿಲ್ಲ. ಗೆಳೆಯ ಓಡಿಹೋಗಿ ರೆಫ್ರಿಯ ಮುಂದೆ ಕೈ ಬೀಸಿದ. "ನಾನ್ ಕರೆಸಿದ್ದಲ್ಲ ಸಾರ್ ಆ ಫೋಟೊದವ್ರನ್ನ, ನೀವೇ ಕರೆಸಿದ್ದು" ಅಂದರು ರೆಫ್ರಿ. ಚೆಂಡು ಎದುರಾಳಿಗಳಿಗೆ ಹೋಯಿತು. ಅವರು ಓಡಿದರು, ಹಾಕಿದರು, ಆಟ ಮುಗಿಯಿತು.

ನಾನು ಕ್ಯಾಮೆರಾ ಬ್ಯಾಗಿನ ಜಿಪ್ಪನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದೆ. ತಂಡದ ಹುಡುಗಿಯೊಬ್ಬಳು ಪಕ್ಕದಲ್ಲೇ ಹಾದುಹೋಗುತ್ತ, "ಅಂಕಲ್, ಅಕ್ಷತೆನೂ ತರ್ಬೇಕಿತ್ತಾ?" ಅಂದಳು. ಗೆಳೆಯ ನನ್ನತ್ತ ನೋಡಲೇ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದಳು. ಹತ್ತಿರ ಹೋದೆ. "ತಪ್ಪಾಯ್ತು ಮಗಾ."

"ನೀವ್ ಹೇಳಿದ್ದಕ್ಕಲ್ಲ ಸಾರ್ ಸಿಟ್ಟು," ತಲೆಯೆತ್ತದೆ ಅಂದಳು. "ನಾನ್ ಕೇಳಿದ್ನಲ್ಲ, ಅದಕ್ಕೆ."

ಅಷ್ಟರಲ್ಲಿ ಅವಳಪ್ಪ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಹೊಡೆಯುತ್ತಾರೇನೋ ಎಂದುಕೊಂಡಿದ್ದೆ.

"ಬೇಜಾರ್ ಮಾಡ್ಕೋಬೇಡಿ ನೀವು. ಒಂದ್ ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಗೆದ್ದಿದ್ರೆ ಇನ್ಯಾವ್ಯಾವ ಊರಿಗೆ ಕಳಿಸ್ಬೇಕಿತ್ತೋ! ಉಪಕಾರ ಮಾಡಿದ್ರಿ." ಆಮೇಲೆ ದನಿ ತಗ್ಗಿಸಿದರು, ಮಗಳಿಗೆ ಕೇಳದಷ್ಟೇನೂ ಅಲ್ಲ. "ಇವ್ಳಿಗೂ ಒಂದ್ ಕಡೆ ಮಾತಾಡ್ತಿದೀವಿ. ಫೋಟೊಕ್ಕೆ ನೀವೇ ಬರ್ಬೇಕು."

ಬೇರೆ ಯಾರೇ ಆಗಿದ್ದರೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

"ಯಾವ ತಿಂಗಳು?" ಎಂದೆ. ಎಂದ ಮೇಲೆ ನೋಡಿಕೊಳ್ಳುತ್ತೇನೆ, ಫೋನು ಕೈಗೆ ಬಂದಿದೆ, ಕ್ಯಾಲೆಂಡರು ತೆರೆದಿದೆ.

ಲೇಸು ಬಿಚ್ಚುತ್ತಿದ್ದ ಕೈ ನಿಂತಿತು. "ಅಪ್ಪ, ಆ ಮದ್ವೆಗೆ ಇವ್ರು ಬಂದ್ರೆ ನಾನ್ ಬರಲ್ಲ."

ರೈಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿ ನಕ್ಕರೆ ನಾವೂ ನಗಬೇಕು, ಕಸುಬು ಹಾಗೆ. ನಾನೂ ನಕ್ಕೆ. ಅವಳು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು, ಅಪ್ಪ ಕೂಗಿದರೂ ತಿರುಗದೆ, ಗೇಟಿನ ಕಡೆ ನಡೆದಳು.