ತಟ್ಟೆಗೆ ಮರಳಿದ ಚೀಟಿ

ನನ್ನ ಗೆಳತಿ ಊರು ಬಿಟ್ಟು ಹೋಗಲು ಕಾರಣವಾದ ಚೀಟಿಯನ್ನು ಎತ್ತಿದ ಕೈ ನನ್ನದು, ದೇವರನ್ನು ನಂಬದವಳ ಕೈ. ಇದರಲ್ಲಿ ನನ್ನ ತಪ್ಪಿಲ್ಲವೆಂದು ಎರಡೇ ಮಾತಿನಲ್ಲಿ ಸಾಧಿಸಬಲ್ಲೆ. ಚೀಟಿ ಬಂದದ್ದು ಆಕಸ್ಮಿಕವಾದರೆ ಅದಕ್ಕೆ ಯಾರೂ ಹೊಣೆಯಲ್ಲ. ಆಕಸ್ಮಿಕವಲ್ಲದಿದ್ದರೆ ಹೊಣೆ ಅವಳ ದೇವರದು. ಎರಡು ಕಡೆಯಿಂದಲೂ ನನಗೆ ಬಿಡುಗಡೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಷ್ಟಕ್ಕೇ ಚಪ್ಪಾಳೆ ಬೀಳುತ್ತಿತ್ತು. ಆದರೂ ಅವಳು ಹೋದ ಮೇಲೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ನಾವು ಜೊತೆಯಾದದ್ದು ಕೊಯಮತ್ತೂರಿನ ಬಿ.ಎಡ್. ತರಗತಿಯಲ್ಲಿ. ಅವಳು ಮೈಸೂರು ಕಡೆಯವಳು. ಅಮ್ಮನಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿ ತಾಯಿ ಮಗಳು ಸಿಂಗಾನಲ್ಲೂರಿನಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದರು. ನಮ್ಮದು ಕಿಣತ್ತುಕಡವಿನ ಹತ್ತಿರ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮೊದಲ ದಿನ ನಾನು ಆಡಿದ್ದು ಕನ್ನಡವೇ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ, ಮದುವೆಯ ಕರೆಯೋಲೆ ಕೂಡ ತಮಿಳಿನಲ್ಲೇ. ಅಕ್ಷರ ಕಲಿಸುತ್ತೇನೆಂದು ಅವಳು ಹಟ ಹಿಡಿದಳು. ಅವರ ಮನೆಯಲ್ಲಿ ದೊಡ್ಡ ಅಕ್ಷರದಲ್ಲಿದ್ದ ಕನ್ನಡ ಪುಸ್ತಕ ಒಂದೇ, ಅಮ್ಮನ ವೇದಪುಸ್ತಕ, ಅಂದರೆ ಬೈಬಲ್. ನಾನು ಒಂದೊಂದು ವಾಕ್ಯಕ್ಕೂ ನಿಂತು ತಕರಾರು ತೆಗೆಯುತ್ತಿದ್ದೆ. ಅಷ್ಟೊಂದು ಪ್ರಾಣಿಗಳು ಒಂದು ಹಡಗಿನಲ್ಲಿ ಹಿಡಿಸಿದವೇ, ಹಿಡಿಸಿದರೆ ಸೆಗಣಿ ಬಾಚಿದವರು ಯಾರು ಎಂದು ಕೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಮೊದಲು ಒತ್ತಕ್ಷರ ಸರಿಯಾಗಿ ಓದಿ ವಕೀಲ್ರೇ, ಆಮೇಲೆ ಕೇಸು ಹಾಕುವಿರಂತೆ" ಎನ್ನುತ್ತಿದ್ದಳು. ನಾನು ಮತಾಂತರವಾಗಲಿ ಎಂದು ಅವಳು ಒಂದು ದಿನವೂ ಪ್ರಯತ್ನಿಸಲಿಲ್ಲ. ಅವಳ ನಂಬಿಕೆ ಕೆಡಿಸಲು ನಾನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಅವರ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಹೊಸವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ಸಣ್ಣ ಸಣ್ಣ ಚೀಟಿಗಳನ್ನು ಮಗುಚಿ ಇಟ್ಟಿರುತ್ತಾರೆ. ಒಂದೊಂದರಲ್ಲಿ ಒಂದೊಂದು ಬೈಬಲ್ ವಚನ. ನೋಡದೆ ಎತ್ತಿಕೊಳ್ಳಬೇಕು. ಬಂದ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ವಾಗ್ದಾನ. ವರ್ಷವಿಡೀ ಅದು ದೇವರ ಪಟದ ಪಕ್ಕದಲ್ಲೋ ಪರ್ಸಿನಲ್ಲೋ ಇರುತ್ತದೆ. ಈ ಹೊಸವರ್ಷಕ್ಕೆ ಅವಳು ಟೈಫಾಯ್ಡ್ ಆಗಿ ಮಲಗಿದ್ದಳು. ಅಮ್ಮ ಅವಳನ್ನು ಬಿಟ್ಟು ಕದಲುವಂತಿರಲಿಲ್ಲ. ನನ್ನ ಚೀಟಿ ನೀನೇ ತೆಗೆದುಕೊಂಡು ಬಾ ಎಂದಳು. ನಾಸ್ತಿಕಳ ಕೈಯಲ್ಲಿ ದೇವರ ಮಾತೇ ಎಂದು ನಾನು ಕೆಣಕಿದೆ. ಕೈಗೆ ನಂಬಿಕೆ ಬೇಕಿಲ್ಲ, ಬೆರಳಿದ್ದರೆ ಸಾಕು ಎಂದಳು.

ಹೋದೆ. ತಮಿಳು ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ಹತ್ತಿಪ್ಪತ್ತು ಮನೆಯವರ ಕನ್ನಡ ಆರಾಧನೆ. ಸಾಲಿನಲ್ಲಿ ನಿಂತು ಚೀಟಿ ಎತ್ತಿದರೆ ಎರಡು ಬಂದವು. ನುಣುಪು ಕಾಗದ, ಒಂದಕ್ಕೊಂದು ಅಂಟಿಕೊಂಡಿದ್ದವು. ತಟ್ಟೆ ಹಿಡಿದಿದ್ದ ಹೆಂಗಸು ಒಂದನ್ನು ವಾಪಸ್ ಹಾಕಲು ಹೇಳಿದರು. ಬೇರೆ ಯಾರಾದರೂ ಎರಡರ ಮೇಲೂ ಕಣ್ಣಾಡಿಸಿ ಒಂದನ್ನು ಇಟ್ಟುಕೊಳ್ಳುತ್ತಿದ್ದರು. ನನ್ನ ಕನ್ನಡದ ಓದು ಎತ್ತಿನ ಗಾಡಿ. ಮೊದಲನೆಯದರ ಮೊದಲ ಪದವನ್ನೇ ಕೂಡಿಸುತ್ತಿದ್ದೆ, ಹಿಂದಿನವರು ಒತ್ತುತ್ತಿದ್ದರು. ಕೆಳಗಿದ್ದ ಚೀಟಿಯನ್ನು ಓದದೆಯೇ ತಟ್ಟೆಗೆ ಹಾಕಿ ಬಂದೆ. ಉಳಿದದ್ದನ್ನು ಅವಳಿಗೆ ಕೊಡುವಾಗ ನಡೆದದ್ದನ್ನೆಲ್ಲ ಹೇಳಿದೆ. ಮೂವರೂ ನಕ್ಕೆವು. ಆ ಚೀಟಿಯಲ್ಲಿದ್ದದ್ದು ಅರಿಯದ ನಾಡಿಗೆ ಹೊರಟವರ ಮುಂದೆ ದೇವರು ನಡೆಯುತ್ತಾನೆ ಎಂಬ ಅರ್ಥದ ವಚನ.

ಏಪ್ರಿಲ್‌ನಲ್ಲಿ ಸಭೆಯವರ ಮೂಲಕ ಒಂದು ಕರೆ ಬಂತು. ಒಡಿಶಾದ ಬೆಟ್ಟದ ಊರೊಂದರಲ್ಲಿ ಕಿವಿ ಕೇಳದ ಮಕ್ಕಳ ಶಾಲೆ, ಕಲಿಸುವವರು ಬೇಕು. ಬೇರೆಯವರಾಗಿದ್ದರೆ ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದರು. ಇವಳು ಪರ್ಸಿನಿಂದ ಚೀಟಿ ತೆಗೆದು ಅಮ್ಮನ ಮುಂದಿಟ್ಟಳು.

ಅಲ್ಲಿಂದ ಶುರುವಾದ ವಾದ ಎರಡು ತಿಂಗಳು ನಡೆಯಿತು. ಸಿಂಗಾನಲ್ಲೂರು ಕೆರೆಯ ಏರಿಯ ಮೇಲೆ, ಟೌನ್ ಬಸ್ಸಿನಲ್ಲಿ ನೇತಾಡಿಕೊಂಡು, ಫೋನಿನಲ್ಲಿ. ಅಂಟಿಕೊಂಡ ಎರಡು ಕಾಗದದಲ್ಲಿ ಒಂದನ್ನು ಇಟ್ಟುಕೊಂಡದ್ದು ನನ್ನ ಹೆಬ್ಬೆರಳು, ದೇವರಲ್ಲ ಎಂದೆ. ಅಚ್ಚು ಹಾಕಿಸಿದ ಚೀಟಿಗಳು, ಇದೇ ವಚನ ಬೇರೆ ಸಭೆಗಳಲ್ಲಿ ಇನ್ನೂ ಹತ್ತು ಜನಕ್ಕೆ ಹೋಗಿರುತ್ತದೆ, ಅವರೆಲ್ಲ ಯಾಕೆ ಒಡಿಶಾಕ್ಕೆ ಹೊರಟಿಲ್ಲ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು.

"ನಿಮ್ಮ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಅಂತ ನಾಣ್ಯ ಚಿಮ್ಮಿ ತಾನೇ ತೀರ್ಮಾನ ಮಾಡೋದು? ಬಂದ ಪಕ್ಷಕ್ಕೆ ಪ್ರಾಣ ಕೊಟ್ಟು ವಾದ ಮಾಡ್ತೀಯ. ನಾನು ಬಂದ ಚೀಟಿಗೆ ಬದುಕು ಕೊಟ್ಟರೆ ನಿನಗೇನು ಕಷ್ಟ?"

ಸ್ಪರ್ಧೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ನಾನು ಹೇಳಬಹುದಿತ್ತು. ಹೊಳೆದದ್ದು ಮನೆಗೆ ಬಂದ ಮೇಲೆ.

ಹೊರಡುವ ಹಿಂದಿನ ದಿನ ಅವಳು ಸಭೆಯವರ ಮನೆಗಳಿಗೆ ಹೇಳಿ ಬರಲು ಹೋಗಿದ್ದಳು. ನಾನು ಅವರ ಅಡುಗೆಮನೆಯಲ್ಲಿ ದಾರಿಗೆಂದು ಚಪಾತಿ ಲಟ್ಟಿಸುತ್ತಿದ್ದೆ, ಅವಳ ಅಮ್ಮ, ನನಗೆ ಆಂಟಿ, ಬೇಯಿಸುತ್ತಿದ್ದರು. ಟೈಫಾಯ್ಡ್ ಬಂದು ಎದ್ದ ಮೈ ಇನ್ನೂ ತುಂಬಿಕೊಂಡಿಲ್ಲ, ಆ ಬೆಟ್ಟದ ಊರಿನಿಂದ ದೊಡ್ಡಾಸ್ಪತ್ರೆಗೆ ಅರ್ಧ ದಿನದ ದಾರಿ, ಮಲೇರಿಯ ಬೇರೆ ಎಂದು ನರ್ಸಿನ ಲೆಕ್ಕಾಚಾರದಲ್ಲಿ ಒಂದೊಂದೇ ಹೇಳುತ್ತಿದ್ದರು. ನಂತರ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದರು.

"ಆ ಇನ್ನೊಂದು ಚೀಟಿ ಓದಿದ್ದೆ ಅಂತ ಹೇಳಿಬಿಡು ಕಣಮ್ಮ. ಇದ್ದಲ್ಲೇ ಇರು ಅನ್ನೋ ಅರ್ಥದ ವಚನ ಇತ್ತು, ಇಷ್ಟು ದಿನ ಹೇಳಲಿಲ್ಲ ಅನ್ನು. ಅಂಥ ವಚನ ಬೇಕಾದಷ್ಟಿವೆ, ನಾನೇ ತೆಗೆದುಕೊಡ್ತೀನಿ. ನನ್ನ ಮಾತು ಕೇಳಲ್ಲ ಅವಳು. ನಿನ್ನ ಮಾತು ನಂಬ್ತಾಳೆ."

ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ಹೆಂಗಸು. ನಾನು ಮಣೆಯ ಮೇಲಿದ್ದ ಚಪಾತಿಯನ್ನು ಹರಿದುಹೋಗುವಷ್ಟು ಲಟ್ಟಿಸಿದೆ. ಪಾಪ ನನ್ನ ತಲೆಯ ಮೇಲಿರಲಿ, ನೀನು ಹೇಳು ಅಷ್ಟೇ ಎಂದರು.

ಕಿಣತ್ತುಕಡವಿಗೆ ಹೋಗುವ ಬಸ್ಸಿನಲ್ಲಿ ಆ ಸುಳ್ಳನ್ನು ಎಲ್ಲ ಕೋನದಿಂದಲೂ ನೋಡಿದೆ. ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ತಟ್ಟೆಗೆ ಹಾಕಿದ ಚೀಟಿಯನ್ನು ಯಾರೂ ಹುಡುಕಿ ತರಲಾರರು. ನನಗೆ ನಂಬಿಕೆಯಿಲ್ಲದ ಪಕ್ಷಗಳನ್ನು ಎಷ್ಟೋ ವೇದಿಕೆಗಳಲ್ಲಿ ಗೆಲ್ಲಿಸಿದ್ದೇನೆ, ಇದೂ ಒಂದು. ಚೀಟಿಯಿಂದ ಹುಟ್ಟಿದ ನಿರ್ಧಾರವನ್ನು ಚೀಟಿಯಿಂದಲೇ ಕೊಂದರೆ ಅನ್ಯಾಯ ಯಾರಿಗೆ? ಮಲಗುವ ಹೊತ್ತಿಗೆ ಹೇಳುವುದೆಂದು ನಿಶ್ಚಯ ಮಾಡಿದ್ದೆ. ಯಾವ ಮಾತುಗಳಲ್ಲಿ ಎಂಬುದು ಕೂಡ ಬಾಯಿಪಾಠವಾಗಿತ್ತು.

ಬೆಳಗ್ಗೆ ನಾನು ಹೋದಾಗ ಪೆಟ್ಟಿಗೆಗಳು ಬಾಗಿಲ ಹತ್ತಿರವಿದ್ದವು. ಪ್ರಯಾಣಕ್ಕೆ ಮೊದಲು ಅವರು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾರೆ. ನಾನು ಎಂದಿನಂತೆ ಗೋಡೆಗೆ ಒರಗಿ ಕೂತೆ. ಆಂಟಿಯ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಆ ಮೌನದಲ್ಲಿ ಅವಳು ಕಣ್ಣು ತೆರೆದು, ಇನ್ನೂ ಮೊಣಕಾಲ ಮೇಲೆಯೇ, ನನ್ನನ್ನು ನೋಡಿದಳು.

"ಆ ಇನ್ನೊಂದರಲ್ಲಿ ಏನಿತ್ತು? ನಿಜವಾಗ್ಲೂ ಓದಲಿಲ್ವಾ ನೀನು?"

ಅಮ್ಮ ಹೇಳಿಸಿದ್ದಲ್ಲ, ಅವಳೇ ಕೇಳಿದ್ದು. ಅವಳ ಮುಖದಲ್ಲಿ ಅಂಥ ಅಂಜಿಕೆಯನ್ನು ನಾನು ಮೊದಲು ಕಂಡಿರಲಿಲ್ಲ. ಎರಡು ತಿಂಗಳು ಒಂದು ಬಂಡೆಯೊಡನೆ ವಾದಿಸುತ್ತಿದ್ದೇನೆ ಅಂದುಕೊಂಡಿದ್ದೆ, ಎದುರಿಗಿದ್ದವಳು ಹೆದರಿದ ಹುಡುಗಿ. ನಾನೊಂದು ಮಾತು ಹೇಳಿದ್ದರೆ ಪೆಟ್ಟಿಗೆ ಬಿಚ್ಚುತ್ತಿದ್ದಳು. ಆಂಟಿ ತಲೆಯೆತ್ತಲಿಲ್ಲ, ಜೋಡಿಸಿದ ಕೈಗಳು ಮಾತ್ರ ಬಿಗಿಯಾದವು. ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಕೇಳುತ್ತಿದ್ದದ್ದು ನನ್ನನ್ನಲ್ಲ, ನನ್ನ ಬಾಯಿಂದ ಅವಳ ದೇವರನ್ನು. ಆ ಜಾಗದಲ್ಲಿ ನಿಂತು ಮಾತಾಡಲು ನನಗೆ ಆಗಲಿಲ್ಲ.

"ಇಲ್ಲ, ಓದ್ಲಿಲ್ಲ" ಎಂದೆ. ಮರುಕ್ಷಣ ತಮಿಳು ಬೆರೆತ ನಮ್ಮ ಮನೆಯ ಮಾತು ತಾನಾಗಿ ಹೊರಬಿತ್ತು. "ಚೀಟಿ ಕತೆ ಬುಡು. ನಾನ್ ಸೊಲ್ತೀನಿ, ಹೋಗಬ್ಯಾಡ."

ಅವಳು ಎದ್ದು ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂತಳು.

"ಇದೊಂದನ್ನ ಏಪ್ರಿಲ್‌ನಲ್ಲೇ ಹೇಳಬಾರದಿತ್ತಾ ವಕೀಲ್ರೇ" ಎಂದಳು.

ಹೇಳಿದ್ದರೆ ನಿಲ್ಲುತ್ತಿದ್ದೆಯಾ ಎಂದು ನಾನು ಕೇಳಲಿಲ್ಲ. ಎಂಥ ಉತ್ತರ ಬಂದರೂ ಅದನ್ನು ಹೊತ್ತು ತಿರುಗುವುದು ಕಷ್ಟವಿತ್ತು. ಹೊರಗೆ ಆಟೋ ಬಂತು. ಅವಳೇ ಮೊದಲು ಪೆಟ್ಟಿಗೆ ಎತ್ತಿಕೊಂಡಳು.

ಕೊಯಮತ್ತೂರು ಜಂಕ್ಷನ್ನಿನಲ್ಲಿ ಗಾಡಿ ಬರುವವರೆಗೆ ನಾವು ಮಾತಾಡಿದ್ದು ನೀರಿನ ಬಾಟಲು, ಫೋನಿನ ಚಾರ್ಜರು, ಕೆಳಗಿನ ಬರ್ತು ಇಂಥವೇ. ಬಾಗಿಲಲ್ಲಿ ನಿಂತು ಅವಳು ಅಮ್ಮನ ಕೆನ್ನೆ ಸವರಿದಳು, ನನ್ನ ತಲೆಗೆ ಒಂದು ಏಟು ಕೊಟ್ಟಳು. ರೈಲು ಹೊರಟಾಗ ಆಂಟಿ ಕೈ ಬೀಸಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಮರಳುವಾಗ ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ಸಿಂಗಾನಲ್ಲೂರು ಬಸ್ಸಿಗೆ ನಾನೂ ಹತ್ತಿದೆ. ಅರ್ಧ ದಾರಿಯವರೆಗೆ ಅವರು ಕಿಟಕಿಯ ಆಚೆಯೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಮೆಲ್ಲಗೆ ಮಾತಾಡಿದರು.

"ದೇವರಿಲ್ಲ ಅನ್ನೋಳು ನೀನು. ಒಂದು ಸುಳ್ಳು ಹೇಳಿದ್ರೆ ನಿನ್ನನ್ನ ಯಾರು ಕೇಳ್ತಿದ್ರು?"

ಇದಕ್ಕೆ ಪುಸ್ತಕಗಳಲ್ಲಿ ಉತ್ತರಗಳಿವೆ. ದೇವರಿಲ್ಲದೆಯೂ ಸತ್ಯಕ್ಕೆ ಬೆಲೆಯಿದೆ ಎಂಬ ಪಕ್ಷದಲ್ಲಿ ನಿಂತು ನಾನೇ ಒಮ್ಮೆ ಗೆದ್ದಿದ್ದೇನೆ. ಮಗಳನ್ನು ಈಗಷ್ಟೇ ರೈಲು ಹತ್ತಿಸಿ ಬಂದ ತಾಯಿಯ ಪಕ್ಕದ ಸೀಟಿನಲ್ಲಿ ಕೂತು ನಾನು ಬಸ್ಸಿನ ಟಿಕೆಟನ್ನು ಸಣ್ಣಗೆ ಮಡಚುತ್ತಾ ಹೋದೆ.

ಇಳಿಯುವ ಜಾಗ ಬಂದಾಗ ಅವರು ಎದ್ದು ಕಂಬಿ ಹಿಡಿದುಕೊಂಡರು.

"ಅಲ್ಲಿ ಜ್ವರ ಗಿರ ಬಂದ್ರೆ ಅವಳು ನನಗೆ ಹೇಳಲ್ಲ, ಮುಚ್ಚಿಡ್ತಾಳೆ. ನಿನಗೆ ಹೇಳ್ತಾಳೆ. ಆಗ ನನಗೆ ಫೋನ್ ಮಾಡು. ನೀನು ಸುಳ್ಳು ಹೇಳೋಳಲ್ವಲ್ಲ."

ಅದು ಚುಚ್ಚುಮಾತೋ ನಂಬಿಕೆಯೋ ತಿಳಿಯಲಿಲ್ಲ. ಆಯಿತು ಆಂಟಿ ಎಂದೆ. ಅವರು ಇಳಿದು, ನನಗಾಗಿ ಕಾಯದೆ, ಮನೆಯ ಕಡೆ ನಡೆದರು.